ಚಿತ್ರದ ಕೆಳಗಿನ ಹೆಸರು

ಬೆಳಕವಾಡಿಯ ಕಲ್ಲಿನ ಚಿತ್ರವನ್ನು ಆ ಸೀಮೆಯ ಕಲ್ಲುಗಳ ಬಗ್ಗೆಯೇ ಬರೆದ ಪುಸ್ತಕದಲ್ಲಿ ಹಾಕಲು ನಾನು ದುಡ್ಡು ಕಟ್ಟಬೇಕಾಯಿತು. ಕೇಳಿದವರು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಮಂಡ್ಯದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು ಮಳವಳ್ಳಿ ಸೀಮೆಯ ವೀರಗಲ್ಲುಗಳ ಮೇಲೆ ಪುಸ್ತಕ ಬರೆದಿದ್ದೇನೆ. ಅವುಗಳಲ್ಲೆಲ್ಲ ಚೆಂದದ್ದು ಬೆಳಕವಾಡಿಯದು, ಹುಲಿಯ ಬಾಯಿಗೆ ಕತ್ತಿ ತುರುಕುತ್ತಿರುವ ವೀರ. ಹಿಂದೊಮ್ಮೆ ಮ್ಯೂಸಿಯಮ್ಮಿನವರು ಬಂದು ಕೇಳಿದಾಗ, ಹೊಲದ ಯಜಮಾನ ಚಿಕ್ಕಬೋರಯ್ಯ ನಾಲ್ಕು ಜನ ನೋಡಲಿ ಎಂದು ಅದನ್ನು ಗಾಡಿಗೆ ಹೇರಿ ಮಳವಳ್ಳಿಯವರೆಗೆ ತಲುಪಿಸಿ ಬಂದರಂತೆ. ಬಿಡಿಗಾಸು ಮುಟ್ಟಲಿಲ್ಲ. ಅವರ ಮಗ ಕೆಂಪಸಿದ್ದಯ್ಯನವರಿಗೆ ಈಗ ಎಂಬತ್ತರ ಹತ್ತಿರ. ಅವರು ನನ್ನನ್ನು ಕೇಳಿದ್ದು ಒಂದೇ: ಚಿತ್ರದ ಕೆಳಗೆ ಅಪ್ಪನ ಹೆಸರು ಇರಬೇಕು. ಅದೇನು ಮಹಾ ಎಂದು ನಾನೂ ಮಾತು ಕೊಟ್ಟುಬಿಟ್ಟೆ.

ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಯಿತು. ಪುಸ್ತಕಕ್ಕೆ ಬೆಲೆಯಿದ್ದರೆ ವ್ಯಾಪಾರದ ದರವಂತೆ, ಬೆಲೆಯಿಲ್ಲದಿದ್ದರೆ ಅದು ಪುಸ್ತಕವೇ ಅಲ್ಲವಂತೆ! ನಾನೇ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇನೆ ಎಂದರೆ, ನೋಡಿಕೊಳ್ಳೋಕೆ ತೆಗೀರಿ, ಅಚ್ಚು ಹಾಕಿಸೋ ಹಾಗಿಲ್ಲ ಎಂದರು. ದೊಡ್ಡ ಸಾಹೇಬರು ಒಪ್ಪಿದ ಮೇಲೂ ಗುಮಾಸ್ತ ಫೈಲು ಕದಲಿಸಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕೊನೆಗೆ ಅರ್ಧ ಸಂಬಳ ಕಟ್ಟಿದ ಮೇಲೆ ಅನುಮತಿ ಬಂತು, ಜೊತೆಗೊಂದು ಷರತ್ತೂ ಬಂತು. ಚಿತ್ರದ ಕೆಳಗೆ 'ಬೆಳಕವಾಡಿಯಲ್ಲಿ ದೊರೆತದ್ದು' ಎಂದೂ ಮ್ಯೂಸಿಯಮ್ಮಿನ ಹೆಸರೂ ಮಾತ್ರ ಇರಬೇಕು.

"ಕೊಟ್ಟವರ ಹೆಸರು ಹಾಕಬಾರದಾ ಸಾರ್?" ಎಂದು ಗುಮಾಸ್ತನಿಗೆ ಫೋನು ಮಾಡಿದೆ.

"ಕೊಟ್ಟಿದ್ದಕ್ಕೆ ದಾಖಲೆ ಇದೆಯಾ ಮೇಡಂ? ಇಲ್ಲ ಅಂದ್ಮೇಲೆ ದೊರೆತದ್ದೇ. ಕಟ್ಟಿದ ಹಣ ವಾಪಸ್ ಬರಲ್ಲ."

ಬಾಯಿಮಾತಿನಲ್ಲಿ ಕೊಟ್ಟ ಮನುಷ್ಯನ ಬಳಿ ದಾಖಲೆ ಎಲ್ಲಿಂದ ಬರಬೇಕು?

ಅನುಮತಿ ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಬೆಳಕವಾಡಿಗೆ ಹೋದೆ. ಪಿತೃಪಕ್ಷ. ಕೆಂಪಸಿದ್ದಯ್ಯನವರು ಎಡೆ ಹಿಡಿದು ಹೊಲಕ್ಕೆ ಹೊರಟಿದ್ದರು. ಜೊತೆಯಲ್ಲಿ ನಡೆಯುತ್ತಲೇ ಎಲ್ಲ ಹೇಳಿದೆ.

"ದೊರ್ತದ್ದಾ?" ಎಂದು ನಿಂತುಬಿಟ್ಟರು. "ಅವತ್ತು ಗಾಡಿ ಒಡ್ದೋನೇ ನಾನು ಕಣವ್ವ. ಕಲ್ಲೇನು ಆದೀಲಿ ಬಿದ್ದಿತ್ತಾ? ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ. ನಮ್ಮಪ್ಪನ ಎಸ್ರಿಲ್ದಿದ್ ಮೇಲೆ ಆ ಪೋಟೋನೇ ಬ್ಯಾಡ ಬುಡು."

ನನಗೆ ಅಳು ಬಂತು. ಚಿತ್ರ ಬಿಟ್ಟರೆ ಪುಸ್ತಕಕ್ಕೆ ಕಳೆಯಿಲ್ಲ, ಹಾಕಿದರೆ ನನ್ನ ಮಾತಿಗೆ ಬೆಲೆಯಿಲ್ಲ.

ಹೊಲದ ಬದುವಿನ ಪಕ್ಕ ಒಂದಿಷ್ಟು ಜಾಗಕ್ಕೆ ನೇಗಿಲು ತಾಗಿಸಿರಲಿಲ್ಲ. ಕಲ್ಲಿಲ್ಲದ ಆ ನೆಲದ ಮೇಲೇ ಅವರು ಎಣ್ಣೆ ಹುಯ್ದು, ಬಾಳೆಲೆ ಹಾಸಿ, ಮುದ್ದೆ, ಸಾರು ಬಡಿಸಿದರು. ಕಲ್ಲು ಹೋದಾಗಿನಿಂದ ಪ್ರತಿ ವರ್ಷ ಹೀಗೇ ಮಾಡುತ್ತಿದ್ದಾರೆಂದು ನನಗೆ ತಿಳಿದದ್ದು ಆಗಲೇ.

"ತಾತ, ಈ ಜಾಗದ ಫೋಟೋ ತಗೊಳ್ಳಲಾ?"

"ಇದ್ಕೆ ಯಾರ ಅಪ್ಪಣೆ ಬೇಕವ್ವ?"

"ನಿಮ್ದೇ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಎಲೆಯನ್ನು ನೇರ ಮಾಡಿ, ಟವಲಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು. "ಕೊಟ್ಟಿವ್ನಿ, ತಕ್ಕೊ. ಕಾಸು ಗೀಸು ಬ್ಯಾಡ."

ದುಡ್ಡು ಕೊಟ್ಟು ತಂದ ಹುಲಿ ನನ್ನ ಬೀರುವಿನಲ್ಲೇ ಉಳಿಯಿತು. ಪುಸ್ತಕದಲ್ಲಿರುವುದು ಎಣ್ಣೆ ಕುಡಿದ ಬರಿಯ ನೆಲ ಮತ್ತು ಒಂದು ಎಡೆ. ಕೆಳಗೆ ಹೀಗಿದೆ: 'ಚಿಕ್ಕಬೋರಯ್ಯನವರು ಕೊಟ್ಟ ವೀರಗಲ್ಲು ಇದ್ದ ಜಾಗ.'