ಗಾಜು ನೀರಿಗಿಳಿದದ್ದು

ಮೂಗಿನೊಳಗೆ ನೀರು, ಆಸ್ಪತ್ರೆ ನೆಲ ಒರೆಸಿದಂಥ ವಾಸನೆಯ ನೀರು, ತಲೆ ಮುಳುಗಿಸಿದರೆ ಕೆಳಗೆ ನೀಲಿ ಕಲ್ಲು, ಎತ್ತಿದರೆ ಅಮ್ಮ, ಮತ್ತೆ ಕಲ್ಲು, ಮತ್ತೆ ಅಮ್ಮ — ಕೊಳದ ಅಂಚಿನಲ್ಲೇ ನನ್ನ ಜೊತೆ ಜೊತೆಗೆ ನಡೆದು ಬರುತ್ತಿದ್ದಾಳೆ, ಕಂಕುಳಲ್ಲಿ ಐಸ್ ಡಬ್ಬಿ, ಕಳ್ಳನ ಹಿಂದೆ ಪೊಲೀಸಿನವಳ ಹಾಗೆ, ಇರಲಿ, ನಾಳೆ ನಮ್ಮ ಹಾಸಿಗೆ ಅಂಗಡಿಯಲ್ಲಿ ಹೇಳುವ ಹೊತ್ತಿಗೆ ಈ ಕೊಳ ಸಮುದ್ರ ಆಗಿರುತ್ತದೆ, ಅದರಲ್ಲೊಂದು ತಿಮಿಂಗಿಲ, ಅದು ನನ್ನನ್ನು ಕಂಡು ಬಾಲ ಮುದುರಿಕೊಂಡು ದಾರಿ ಬಿಟ್ಟಿರುತ್ತದೆ, ಬಿಡೋ ಗಾಜು, ನಿನ್ನ ಬಾಯಿಗೆ ಹೊಲಿಗೆ ಹಾಕ್ಬೇಕು ಅನ್ನುತ್ತಾನೆ ದಿಂಬು ತುಂಬುವವನು, ಅನ್ನಲಿ, ಹೋದ ವರ್ಷ ಕುಂಟುತ್ತಾ ಹೋದಾಗ ಮೊಸಳೆ ಕಚ್ಚಿತು ಅಂದಿದ್ದೆ, ಬಾಯಿ ಬಿಟ್ಟುಕೊಂಡು ಕೇಳಿದ್ದ. ಗಾಜು ಅಂದರೆ ನಾನೇ, ತಾಗಿದರೆ ಒಡೆಯುವವನು, ಒಡೆದರೆ ರಕ್ತ ನಿಲ್ಲದವನು, ಡಾಕ್ಟರು ಅದಕ್ಕೆ ಹಿಮೋಫಿಲಿಯಾ ಅಂತ ಉದ್ದದ ಹೆಸರಿಟ್ಟಿದ್ದಾರೆ, ನನ್ನ ಲೆಕ್ಕದಲ್ಲಿ ಅಷ್ಟೆಲ್ಲ ಇಲ್ಲ, ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ, ನನ್ನ ರಕ್ತಕ್ಕೆ ದೇವರು ಹೆಪ್ಪು ಹಾಕೋದನ್ನೇ ಮರೆತು ಕಳಿಸಿದ, ಆ ಹೆಪ್ಪನ್ನೇ ಈಗ ಸೂಜಿಯಲ್ಲಿ ತುಂಬಿ ಕೊಡುತ್ತಾರೆ, ಫ್ಯಾಕ್ಟರ್ ಅಂತ, ಬೆಳಿಗ್ಗೆ ಚುಚ್ಚಿಸಿಕೊಂಡೇ ಬಂದಿದ್ದೇನೆ, ಕೈ ಮುಂದೆ, ಉಸಿರು ಬಿಡು, ಕಾಲು ಬಡಿ — ಮೊದಲೆಲ್ಲ ಬಡಿಯೋದು ಇರಲಿ ಬೀಸಲೂ ಬಿಡುತ್ತಿರಲಿಲ್ಲ, ಹಾಸಿಗೆ ಹೊಲಿಯುವವರ ಮನೆ ನಮ್ಮದು, ಹತ್ತಿಗೇನು ಬರ, ಮೇಜಿನ ಮೂಲೆಗೆ ಹತ್ತಿ, ಹೊಸ್ತಿಲಿಗೆ ಹತ್ತಿ, ಗೋಡೆಗೆ ಹತ್ತಿ, ಬೆಕ್ಕಿನ ಉಗುರು ಒಂದು ಬಾಕಿ ಇತ್ತು, ಬೆಕ್ಕೇ ಓಡಿಹೋಯಿತು, ಶಾಲೆಯವರು ಮಾತ್ರ ಬೆಂಚುಗಳಿಗೆಲ್ಲ ಹತ್ತಿ ಹೊಲಿಯಲು ಬಿಡಲಿಲ್ಲ, ಅದಕ್ಕೇ ನನ್ನ ವಿದ್ಯೆ ಮೂರನೇ ಕ್ಲಾಸಿಗೆ ಕೈ ಮುಗಿಯಿತು.

ಹತ್ತಿಯ ಮಧ್ಯೆ ಕೂತು ಕೂತು ಕಾಲು ಪೊರಕೆ ಕಡ್ಡಿ ಆಯಿತು, ಅಷ್ಟು ಜೋಪಾನ ಮಾಡಿದರೂ ಮಂಡಿಯೊಳಗೆ ರಕ್ತ ಇಳಿಯೋದು ನಿಲ್ಲಲಿಲ್ಲ, ಜಾಸ್ತಿಯೇ ಆಯಿತು, ವ್ಯಾಯಾಮ ಕಲಿಸುವ ಮೇಡಂ, ನಾನು ಮಂಡಿ ಮೇಡಂ ಅನ್ನೋದು, ನನ್ನ ತೊಡೆ ಹಿಡಿದು ನೋಡಿ ಅಮ್ಮನಿಗೆ ಬೈದೇಬಿಟ್ಟರು, ಏನಮ್ಮಾ, ಮಗನ್ನ ಬೆಳೆಸ್ತಿದ್ದೀರೋ ಪೆಟ್ಟಿಗೇಲಿ ಇಟ್ಟಿದ್ದೀರೋ, ಸ್ನಾಯು ಗಟ್ಟಿ ಇದ್ರೆ ತಾನೇ ಕೀಲನ್ನ ಹಿಡ್ಕೊಳ್ಳೋದು, ಕುಸ್ತಿ ಬೇಡ ಫುಟ್‌ಬಾಲ್ ಬೇಡ, ಈಜಿಗೆ ಹಾಕಿ, ಅಮ್ಮ ಕೇಳಿದಳು, ನೀರಲ್ಲಿ ಮೂಲೆಗೀಲೆ ಇರಲ್ಲ ಅಲ್ವಾ ಮೇಡಂ, ಅಪ್ಪ ಮಾತ್ರ ಅಂದೇ ಒಪ್ಪಿದ, ಮಡಿಸಿಟ್ಟ ಹಾಸಿಗೆ ಗಂಟು ಕಟ್ಟುತ್ತೆ ಕಣೇ, ಹಿಂಜಿದ್ರೇ ಹತ್ತಿ ಹಗುರ ಆಗೋದು, ಹಿಂಜಲಿ ಬಿಡು — ಅಮ್ಮ ಒಪ್ಪಿದಳು, ಆದರೆ ಷರತ್ತು, ಮಂಡಿಯೇನಾದ್ರೂ ಮತ್ತೆ ತಕರಾರು ಮಾಡ್ತೋ, ಅವತ್ತಿಗೇ ಈಜು ಬಂದ್, ಅಂದಳು, ಅಂದು ರಾತ್ರಿಯೆಲ್ಲ ಕೂತು ಒಂದು ಚಡ್ಡಿ ಹೊಲಿದಳು, ಮಂಡಿಯವರೆಗೆ, ಒಳಗೆ ಒತ್ತಿ ಒತ್ತಿ ಹತ್ತಿ, ಅದನ್ನು ಹಾಕಿಕೊಂಡು ಮೊದಲ ದಿನ ಇಳಿದೆ ನೋಡು, ಕೊಳದ ಅರ್ಧ ನೀರನ್ನು ಚಡ್ಡಿಯೇ ಕುಡಿಯಿತು, ನಾನು ಒದ್ದೆ ಹಾಸಿಗೆ ಆಗಿ ತಳ ಸೇರಿದೆ, ಮೇಡಂ ಎಳೆದು ದಡಕ್ಕೆ ಹಾಕಿದರು, ಹಿಂಡಿದರೆ ಊರಿಗೆಲ್ಲ ಸ್ನಾನಕ್ಕಾಗುವಷ್ಟು ನೀರು, ಈಗ ತೆಳು ಚಡ್ಡಿ, ಈಗ ಮೀನು ನಾನು, ಇವತ್ತು ಮೊದಲ ಸಲ ಈ ಗೋಡೆಯಿಂದ ಆ ಗೋಡೆಗೆ, ನಡುವೆ ನಿಲ್ಲದೆ, ಕಲ್ಲು, ಅಮ್ಮ, ಕಲ್ಲು — ಏನದು, ಎಡಗಾಲು, ಮಂಡಿಯ ಮೇಲೆ, ಏನೋ ಹಿಡಿದ ಹಾಗೆ, ರಕ್ತ ಬಂತಾ, ಇಲ್ಲ, ಬಂತು, ಗೋಡೆ ಇಲ್ಲೇ ಇದೆ, ಇನ್ನೊಂದು ನಾಲ್ಕು ಕೈ ಹಾಕಿದರೆ ಸಿಕ್ಕಿತು, ಹೇಳಿದರೆ ಈಜು ಹೋಯಿತು, ಹೇಳದಿದ್ದರೆ ಮಂಡಿ ಹೋಯಿತು, ತಿಮಿಂಗಿಲದ ಸುಳ್ಳು ಬೇರೆ, ಅದಕ್ಕೆ ಐಸ್ ಇಡಬೇಕಾಗಿಲ್ಲ, ಈ ಸುಳ್ಳು ಸಂಜೆಯೊಳಗೆ ಕುಂಬಳಕಾಯಿ ಗಾತ್ರ ಊದಿಕೊಂಡು ತಾನೇ ಸತ್ಯ ಹೇಳುತ್ತದೆ, ನೀರ ಮೇಲೆ ಕಟ್ಟಿದ ಹಗ್ಗ ಹಿಡಿದು ನಿಂತೆ, ಅಮ್ಮಾ, ಕಾಲು.

ಮೆಟ್ಟಿಲ ಮೇಲೆ ಕೂರಿಸಿದ್ದಾರೆ, ಅಮ್ಮನ ಕೈ ಬಂದು ಮಂಡಿಯ ಮೇಲೆ ಕೂತಿದೆ, ನಾನು ಬಡ್ಕೊಂಡೆ ಮೇಡಂ, ಬಡ್ಕೊಂಡೆ, ಅನ್ನುತ್ತಾಳೆ, ಸ್ವಲ್ಪ ತಾಳಿಯಮ್ಮಾ, ಅಂದರು ಮೇಡಂ, ಲೋ, ಒಳಗೆ ಜುಮುಜುಮು ಅಂತಿದೆಯಾ, ಯಾವಾಗ್ಲೂ ಆಗುತ್ತಲ್ಲ ಹಾಗೆ, ಇಲ್ಲ ಮೇಡಂ, ಬಿಸಿ ಆಗಿದೆಯಾ, ಇಲ್ಲ, ಮಡಚು, ಪೂರ್ತಿ ಮಡಚು, ಮಡಚಿದೆ, ಮಡಚಿತಲ್ಲ, ನೋವೆಲ್ಲಿ, ಇಲ್ಲಿ, ತೊಡೇಲಿ, ಸರಿ, ಬಲಗಾಲಲ್ಲೂ ಇದೆಯಾ ನೋಡು, ಬಲಗಾಲಾ, ಬಲಗಾಲನ್ನು ಯಾರು ಕೇಳುತ್ತಾರೆ, ಅದು ಯಾವಾಗಲೂ ಒಳ್ಳೆಯ ಮಗ, ಒತ್ತಿ ನೋಡಿದೆ, ಅಯ್ಯೋ, ಅಲ್ಲೂ ಇದೆ ಮೇಡಂ, ಅದೇ ಜಾಗದಲ್ಲಿ, ಅಷ್ಟೇ, ಮೇಡಂ ನಗಲು ಶುರು ಮಾಡಿದರು, ಪೆದ್ದೇ, ಇದು ರಕ್ತ ಅಲ್ವೋ, ಮೈಕೈ ನೋವು, ಇವತ್ತು ನೆಟ್ಟಗೆ ಕಾಲು ಬಡಿದಿದ್ದೀಯ, ಅದಕ್ಕೆ, ಸಂಜೆವರೆಗೂ ಕಣ್ಣಿಟ್ಟಿರಿ, ಊದಿದ್ರೆ ಬಿಸಿ ಆದ್ರೆ ಫೋನ್ ಮಾಡಿ, ಆಗಲ್ಲ. ಮೈಕೈ ನೋವಾ, ಅಮ್ಮ ಕೇಳಿದಳು, ನಂಗೆ ಬರುತ್ತಲ್ಲ, ಇವರಪ್ಪಂಗೆ ಬರುತ್ತಲ್ಲ, ಅದಾ, ಹೂಂನಮ್ಮಾ, ಎಲ್ರಿಗೂ ಬರುತ್ತಲ್ಲ, ಅದೇ — ಅದೇ ನೋವು, ಅಪ್ಪ ದಿನಾ ಸಂಜೆ ಜಗಲಿಯಲ್ಲಿ ಕಾಲು ಚಾಚಿ ಉಸ್ಸಪ್ಪಾ ಮೈಕೈ ನೋವು ಅನ್ನುತ್ತಾನಲ್ಲ, ನನಗೆ ಯಾವತ್ತೂ ಅನ್ನಲು ಆಗಲಿಲ್ಲ, ನನ್ನ ಒಂದೊಂದು ನೋವಿಗೂ ಒಂದೊಂದು ಮಂಚ, ಒಂದೊಂದು ಡಾಕ್ಟರು, ಈಗ ಊರಿಗೆಲ್ಲ ಇರುವ ನೋವು ನನಗೂ ಬಂದಿದೆ, ಬಿಟ್ಟಿಯಾಗಿ, ಎರಡೂ ಕಾಲಿಗೆ, ಇವತ್ತು ಸಂಜೆ ಅಪ್ಪನ ಪಕ್ಕ ಕಾಲು ಚಾಚಿ ನಾನೂ ಉಸ್ಸಪ್ಪಾ ಅಂದೇ ಅನ್ನುತ್ತೇನೆ, ನಾಳೆ ಅಂಗಡಿಯಲ್ಲಿ ಇದಕ್ಕೊಂದು ತಿಮಿಂಗಿಲ ಸೇರಿಸಬೇಕು, ಇಲ್ಲ, ತಿಮಿಂಗಿಲ ಬೇಡ, ನಾಳೆನೂ ಕರ್ಕೊಂಡು ಬರ್ಬೇಕಾ ಮೇಡಂ, ಯಾರು ಕೇಳಿದ್ದು, ಅಮ್ಮನಾ, ಅಮ್ಮನೇ, ನಾಳೆ ಬೇಡ, ಕಾಲಿಗೆ ಒಂದಿನ ರಜಾ ಕೊಡಿ, ನಾಡಿದ್ದು ಬನ್ನಿ, ಆಗ ಅಮ್ಮ ಮಂಡಿಯ ಮೇಲಿಂದ ಕೈ ತೆಗೆದಳು, ತೆಗೆದ ಕೈಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ ಅವಳಿಗೆ, ನಾನು ಹುಟ್ಟಿದಾಗಿನಿಂದ ಅದು ಅಲ್ಲೇ ತಾನೇ ಇದ್ದದ್ದು, ನಾಳೆಯ ಕತೆಯಲ್ಲಿ ತಿಮಿಂಗಿಲವನ್ನು ಎಲ್ಲಿ ನಿಲ್ಲಿಸಲಿ, ಗೋಡೆಯ ಹತ್ತಿರ, ಇಲ್ಲ, ಆ ಕೈ, ಅಲೆ ಎಷ್ಟು ಎತ್ತರ ಎಂದು ಹೇಳಲಿ, ಆ ಕೈ, ಕೆಳಗೂ ಇಳಿಯದೆ ಮೇಲೂ ಹೋಗದೆ, ಐದೂ ಬೆರಳು ಬಿಟ್ಟುಕೊಂಡು, ಒದ್ದೆಯಾಗಿ, ಖಾಲಿಯಾಗಿ, ಗಾಳಿಯಲ್ಲಿ, ಅಮ್ಮನ ಕೈ