ಷೇರು ಭಾವನ ಅಕ್ಕ

ಆ ಬೀದಿಯಲ್ಲಿ ಟೈಲರನನ್ನು ಎಲ್ಲರೂ ಭಾವ ಅಂತಲೇ ಕರೆಯುತ್ತಿದ್ದರು. ಅವನ ಹೆಂಡತಿ ಹುಟ್ಟಿ ಬೆಳೆದದ್ದು ಅಲ್ಲೇ. ಅವಳ ತಮ್ಮಂದಿರ ವಾರಿಗೆಯವರಿಗೆಲ್ಲ ಭಾವನಾದವನು ಕೊನೆಗೆ ತನಗಿಂತ ಹಿರಿಯರ ಬಾಯಲ್ಲೂ ಭಾವನೇ ಆದ. ಜಿಪ್ ಕಂಪನಿಯ ಷೇರು ಏರಿದ ಮೇಲೆ ಷೇರು ಭಾವ ಆದ.

ಆ ಷೇರು ಕೊಂಡದ್ದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಎದುರಿನ ಕನ್ನಡಕದಂಗಡಿಯವನು ಫೋನಿನಲ್ಲಿ ಖಾತೆ ತೆರೆದುಕೊಟ್ಟು, "ಏನಾದರೊಂದು ತಗೋ ಭಾವ" ಅಂದಾಗ, ಪ್ಯಾಂಟಿಗೆ ಹಚ್ಚುತ್ತಿದ್ದ ಜಿಪ್ಪಿನ ಹೆಸರು ಬಾಯಿಗೆ ಬಂತು, ಅಷ್ಟೇ. ಕೆಲವು ತಿಂಗಳಲ್ಲಿ ಆ ಕಂಪನಿಯನ್ನು ಯಾರೋ ದೊಡ್ಡವರು ಕೊಳ್ಳುತ್ತಾರೆಂದು ಸುದ್ದಿಯಾಗಿ ಬೆಲೆ ಮೂರು ಪಟ್ಟಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಮುರಿದದ್ದು ತನ್ನ ಭಾರಕ್ಕೇ ಅಂತ ಕಾಗೆಗೆ ಅನ್ನಿಸಿಬಿಟ್ಟರೆ ಅಲ್ಲವೆಂದು ಹೇಳುವವರು ಯಾರು?

ಅಲ್ಲಿಂದ ಅವನ ನಡಿಗೆಯೇ ಬದಲಾಯಿತು. ಅಳತೆ ಕೊಡಲು ಬಂದವರ ಎದೆಗೆ ಟೇಪು ಸುತ್ತುತ್ತಲೇ ಮಾರುಕಟ್ಟೆಯ ಮಾತು ತೆಗೆಯುತ್ತಿದ್ದ. ಹೊಲಿಗೆಗೆ ಬಂದವರು ಬುದ್ಧಿ ಕೇಳಿಕೊಂಡು ಹೋಗುತ್ತಿದ್ದರು. ಬುದ್ಧಿ ಕೇಳಲು ಬಂದವರು ಹೊಲಿಗೆ ಕೊಡುತ್ತಿರಲಿಲ್ಲ. ಹೆಂಡತಿ ಗುಂಡಿ ಹಚ್ಚುತ್ತ, "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲೂ ಕೊಡೆ ಹಿಡಿದನಂತೆ. ಮೊದಲು ಆ ಕೋಟಿನ ತೋಳು ಮುಗಿಸಿ" ಅನ್ನುತ್ತಿದ್ದಳು.

ಅವನ ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ವರ್ಷಗಟ್ಟಲೆ ನಿಂತು ನಿಂತು ಮಂಡಿ ಸವೆದಿತ್ತು. ಆಪರೇಷನ್ ಮಾಡಿಸಲೇಬೇಕು ಅಂದಿದ್ದರು. ಅದಕ್ಕೆಂದು ಕೂಡಿಟ್ಟದ್ದನ್ನು ಬ್ಯಾಂಕಿನಲ್ಲಿ ಮಲಗಿಸಿದ್ದಳು.

"ಮಲಗಿದ ದುಡ್ಡು ಏನು ದುಡಿಯುತ್ತೆ ಅಕ್ಕ? ಬ್ಯಾಟರಿ ಕಂಪನಿ ಒಂದಿದೆ. ನಾನೂ ಹಾಕ್ತಿದ್ದೀನಿ. ಇನ್ನೊಂದು ವರ್ಷದಲ್ಲಿ ಎರಡು ಮಂಡಿಗೂ ಆಗುತ್ತೆ."

"ನನಗೆ ಇದರ ಗಂಧಗಾಳಿ ಗೊತ್ತಿಲ್ಲಪ್ಪ. ನೀನಿದ್ದೀಯಲ್ಲ" ಅಂದಳು ಅಕ್ಕ. ಅವಳ ಹೆಸರಿನಲ್ಲೊಂದು ಖಾತೆಯಾಯಿತು. ನೋಡಿಕೊಳ್ಳುವುದೆಲ್ಲ ತಮ್ಮನ ಫೋನಿನಲ್ಲಿ.

ಆ ಬ್ಯಾಟರಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಟೀವಿಯಲ್ಲಿ ಯಾರೋ ಹೊಗಳಿದ್ದು ಮಾತ್ರ. ಮಾರಿದ ಬ್ಯಾಟರಿಗಳು ಉಬ್ಬಿಕೊಂಡು ರಾಶಿ ರಾಶಿಯಾಗಿ ವಾಪಸ್ಸು ಬರತೊಡಗಿದ ಮೇಲೆ ಅದೇ ಟೀವಿಯವನು ಅದನ್ನೇ ತೆಗಳಿದ. ಬೆಲೆ ದಿನಾ ಮೆಟ್ಟಿಲಿಳಿಯಿತು. ನಾಳೆ ಏರುತ್ತೆ, ಸೋಮವಾರ ಏರುತ್ತೆ ಅಂತ ಕಾದ. ಒಂದು ಮಧ್ಯಾಹ್ನ ಮದುಮಗನೊಬ್ಬನ ಕೋಟಿನ ಬಟ್ಟೆಗೆ ಕತ್ತರಿ ಹಾಕುತ್ತಿದ್ದಾಗ ಫೋನು ಮಿನುಗಿತು. ನೋಡಿದ. ಕೈ ಜಾರಿ ಗುರುತಿನ ಗೆರೆಯಾಚೆ ಬಟ್ಟೆ ಕತ್ತರಿಸಿಹೋಯಿತು. ಹಾಳಾದ ಬಟ್ಟೆಯನ್ನು ಮುಂದಿಟ್ಟುಕೊಂಡೇ ತನ್ನ ಷೇರನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿದ. ಜಿಪ್ಪು ಕೊಟ್ಟದ್ದೆಲ್ಲ ಹೋಗಿ ಅದರ ಮೇಲೆ ಗಂಟೂ ಕರಗಿತ್ತು.

ಅಕ್ಕನ ಖಾತೆ ತೆರೆದ. ಬೆರಳು ಮುಂದಕ್ಕೆ ಹೋಗಲಿಲ್ಲ. ಮಾರಬೇಕಾದರೆ ಅವಳನ್ನು ಕೇಳಬೇಕು, ಕೇಳಬೇಕಾದರೆ ಬಿದ್ದದ್ದನ್ನು ಹೇಳಬೇಕು. ಫೋನು ಡ್ರಾಯರಿಗೆ ಹಾಕಿ ಮುಚ್ಚಿದ.

ಆಮೇಲೆ ಅಕ್ಕನ ಕಣ್ಣು ತಪ್ಪಿಸುವುದೇ ಒಂದು ಕೆಲಸವಾಯಿತು. ಫೋನು ಮಾಡಿದರೆ ಗಿರಾಕಿ ಇದ್ದಾರೆ ಅನ್ನುವನು. ಹೆಂಡತಿಗೆ ಎಲ್ಲ ತಿಳಿದಿತ್ತು. "ಹುಣ್ಣು ಮುಚ್ಚಿಟ್ಟರೆ ಮಾಯುತ್ತಾ? ನೀವಾಗಿ ಹೋಗಿ ಹೇಳಿ" ಅಂದಳು. ನಾಳೆ ಅಂದ.

ನಾಳೆಗೆ ಮೊದಲು ಅಕ್ಕನೇ ಬಂದಳು, ಯೂನಿಫಾರ್ಮಿನ ಸೊಂಟ ಸಡಿಲಿಸಲು. ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತ, "ಡಾಕ್ಟರು ತಾರೀಖು ಕೊಡ್ತೀನಿ ಅಂದ್ರು ಕಣೋ. ದುಡ್ಡು ತೆಗೆಯೋಣವಾ?" ಅಂದಳು.

ಅವನು ಹೊಲಿಗೆ ಮಿಷನ್ನು ನಿಲ್ಲಿಸಿ, ಅವಳ ಮುಖ ನೋಡದೆ ಎಲ್ಲ ಹೇಳಿದ. ಕಾಲು ಭಾಗ ಉಳಿದಿದ್ದರೆ ಹೆಚ್ಚು ಅಂದ.

ಅಕ್ಕ ಬೈಯಲಿಲ್ಲ. "ನಿನ್ನದು?" ಅಂದಳು.

"ನಾನು ಮಾರಿಬಿಟ್ಟೆ."

"ಯಾವಾಗ?"

"ಹೋದ ತಿಂಗಳು."

ಅಕ್ಕ ಮಂಡಿ ತಿಕ್ಕುವುದನ್ನು ನಿಲ್ಲಿಸಿದಳು. "ದುಡ್ಡು ಹೋದದ್ದಿರಲಿ. ಮನೆಗೆ ಬೆಂಕಿ ಬಿತ್ತು, ನೀನು ಎದ್ದು ಹೊರಗೆ ಓಡಿದೆ. ಒಳಗೆ ಮಲಗಿದ್ದವಳನ್ನು ಒಂದು ಕೂಗು ಕೂಗಿ ಎಬ್ಬಿಸಲಿಲ್ಲವಲ್ಲೋ."

ಅವನು ಈಗಲಾದರೂ ಮಾರೋಣವೇ ಅಂತ ಕೇಳಿದ. "ಮಾರಿದರೆ ಆಪರೇಷನ್ನಿಗೆ ಸಾಲುತ್ತಾ? ಇಲ್ಲವಲ್ಲ. ಬಿದ್ದಿರಲಿ ಬಿಡು" ಅಂದು ಯೂನಿಫಾರ್ಮು ಅಲ್ಲೇ ಬಿಟ್ಟು ಕುಂಟುತ್ತ ಹೋದಳು. ಅವಳ ಮಂಡಿ ಇನ್ನೂ ಎರಡು ವರ್ಷ ಅವಳನ್ನು ಹಾಗೇ ಹೊತ್ತು ನಡೆಯಿತು. ಬೀದಿಯಲ್ಲಿ ಯಾರಾದರೂ ಷೇರಿನ ಮಾತೆತ್ತಿದರೆ ಭಾವ ಬಾಬಿನ್ನಿಗೆ ದಾರ ಸುತ್ತುತ್ತ ಕೂರುತ್ತಿದ್ದ.

ಅಷ್ಟರಲ್ಲಿ ಯಾರೂ ಎಣಿಸದ್ದು ನಡೆಯಿತು. ಬ್ಯಾಟರಿ ಕಂಪನಿಗೆ ಹೊಸ ಯಜಮಾನರು ಬಂದರು, ಬಸ್ಸುಗಳಿಗೆ ಬ್ಯಾಟರಿ ಒದಗಿಸುವ ದೊಡ್ಡ ಗುತ್ತಿಗೆ ಸಿಕ್ಕಿತು. ಬಿದ್ದಿದ್ದ ಷೇರು ಎದ್ದು ಕೂತು, ನಿಂತು, ಓಡತೊಡಗಿತು. ಅಕ್ಕ ಹಾಕಿದ್ದು ಎರಡೂವರೆ ಪಟ್ಟಾಯಿತು. ಭಾವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಹೇಳದೆ ಮುಚ್ಚಿಟ್ಟದ್ದರಿಂದಲೇ ಅವಳದು ಉಳಿದಿತ್ತು.

ಈಗ ಆಸ್ಪತ್ರೆಯಲ್ಲಿ ಅಕ್ಕನ ಮಾತೇ ಮಾತು. "ತಾಳ್ಮೆ ಬೇಕು ಕಣ್ರೇ. ಎಲ್ಲರೂ ಓಡಿದರು, ನಾನು ಅಲ್ಲಾಡಲಿಲ್ಲ" ಅನ್ನುತ್ತಿದ್ದಳಂತೆ. ಒಂದು ದಿನ ತಮ್ಮನಿಗೆ ಫೋನು ಮಾಡಿದಳು. "ಮಂಡಿ ಹೇಗೋ ನಡೀತಿದೆ, ಆಪರೇಷನ್ ಆಮೇಲೆ ನೋಡೋಣ. ನನ್ನ ಹತ್ತಿರ ಇದ್ದಬದ್ದದ್ದನ್ನೆಲ್ಲ ಅದಕ್ಕೇ ಹಾಕು. ವಾರ್ಡಿನ ಆಯಾ ಒಬ್ಬಳು ಮಗಳ ಕಾಲೇಜಿಗೆ ಇಟ್ಟದ್ದನ್ನು ಹಾಕ್ತಾಳಂತೆ, ಬಂದು ಅವಳಿಗೂ ಖಾತೆ ಮಾಡಿಕೊಡು" ಅಂದಳು.

ಅಕ್ಕನ ದನಿ ಕೇಳುತ್ತ ಭಾವ ಕತ್ತರಿ ಕೆಳಗಿಟ್ಟ. ಅದು ಅವಳ ದನಿಯಲ್ಲ, ಜಿಪ್ಪು ಏರಿದಾಗಿನ ತನ್ನದೇ ದನಿ.

ಮರುದಿನ ನರ್ಸುಗಳ ಕೋಣೆಗೆ ಹೋದ. ಅಕ್ಕನ ಜೊತೆ ಇನ್ನೂ ಕೆಲವು ನರ್ಸುಗಳಿದ್ದರು. ಆಯಾ ಮಡಿಸಿದ ಬಟ್ಟೆಗಳ ರಾಶಿ ಪಕ್ಕಕ್ಕಿಟ್ಟು ಫೋನು ಮುಂದೆ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ಅಮ್ಮ, ಕಾಲೇಜಿನ ದುಡ್ಡು ಯಾವಾಗ ಬೇಕು?"

"ಬರೋ ವರ್ಷ."

"ಹಾಗಾದರೆ ಇದಕ್ಕೆ ಹಾಕಬೇಡಿ."

"ಯಾಕೋ? ನನಗೆ ಬರಲಿಲ್ಲವಾ?" ಅಂದಳು ಅಕ್ಕ.

"ಬಂತು. ನೀನು ತಾಳ್ಮೆಯಿಂದ ಕಾದೆ ಅಂತಲ್ಲ ಅಕ್ಕ. ನಾನು ಹೇಡಿ, ನಿನಗೆ ಹೇಳಲಿಲ್ಲ. ಹೇಳಿದಾಗ ಮಾರಿ ಪ್ರಯೋಜನ ಇರಲಿಲ್ಲ. ಆ ಕಂಪನಿ ಮುಚ್ಚಿಹೋಗಿದ್ದರೆ ಇವತ್ತಿಗೂ ನಿನ್ನ ಮಂಡಿಗೆ ದಿಕ್ಕಿರುತ್ತಿರಲಿಲ್ಲ. ನನಗೆ ಜಿಪ್ಪಿನಲ್ಲಿ ಬಂದದ್ದೂ ಹೀಗೇ. ಸೋತಾಗ ನಾನು ಸ್ವಲ್ಪ ಕಲಿತೆ. ಗೆದ್ದಾಗ ಕಲಿತದ್ದೆಲ್ಲ ಸುಳ್ಳು."

ಅಕ್ಕನ ಮುಖ ಕೆಂಪೇರಿತು. "ಆಯ್ತಲ್ಲ, ಎಲ್ಲರ ಮುಂದೆ ಹೇಳಿದೆಯಲ್ಲ. ಹೋಗು" ಅಂದಳು.

ಹೋದ. ವಾರಗಟ್ಟಲೆ ಫೋನಿಲ್ಲ. "ಸತ್ಯ ಹೇಳೋಕೆ ಹೊತ್ತು ಗೊತ್ತು ಬೇಡವಾ?" ಅಂತ ಹೆಂಡತಿಯೂ ಬೈದಳು. ಅಕ್ಕ ಒಬ್ಬಳೇ ಇದ್ದಾಗ ಹೇಳಬಹುದಿತ್ತು, ನಿಜ. ಆದರೆ ಆಯಾ ಆ ದುಡ್ಡು ಹಾಕಲಿಲ್ಲ. ಇನ್ನಿಬ್ಬರು ನರ್ಸುಗಳು ಹಾಕಿದರು. ಅದು ಅವರ ಇಷ್ಟ.

ಅಕ್ಕ ಕೊನೆಗೆ ಬಂದದ್ದು ಮಂಡಿ ಒಂದು ಬೆಳಗ್ಗೆ ಪೂರ್ತಿ ಕೈಕೊಟ್ಟ ಮೇಲೆ. ಸಿಟ್ಟು ಇಳಿದಿರಲಿಲ್ಲ, ಆದರೂ ಬಂದಳು. "ಆಪರೇಷನ್ನಿಗೆ ಬೇಕಾದಷ್ಟು ಮಾರು. ಉಳಿದದ್ದು ಇರಲಿ" ಅಂದಳು. ಅವಳ ಮುಂದೆಯೇ ಫೋನು ಹಿಡಿದು, ಒಂದೊಂದನ್ನೂ ತೋರಿಸಿ ಒತ್ತಿಸಿದ. ಖಾತೆಯನ್ನು ಅವಳ ಫೋನಿಗೇ ಹಾಕಿಕೊಟ್ಟ.

ಆಪರೇಷನ್ ಆಗಿ ಅಕ್ಕ ಹಾಸಿಗೆಯಲ್ಲಿದ್ದ ವಾರವೇ ಆ ಷೇರು ಮತ್ತೆ ಜಿಗಿಯಿತು. ಭಾವ ಅಂಗಡಿಗೆ ಬೀಗ ಹಾಕಿ ನೇರ ಅವಳ ವಾರ್ಡಿಗೆ ಹೋದ.

"ಅಕ್ಕ, ನಾವು ಮಾರಿದ ಮೇಲೆ ಇನ್ನೂ ಏರಿದೆ. ತಡೆದಿದ್ದರೆ ಇನ್ನಷ್ಟು ಬರ್ತಿತ್ತು."

"ಇದನ್ನು ಹೇಳೋಕೆ ಇಷ್ಟು ದೂರ ಬಂದೆಯಾ?"

"ಬೇರೆಯವರ ಬಾಯಿಂದ ಕೇಳಬಾರದು ಅಂತ."

ಅವಳು ಅವನನ್ನೇ ನೋಡಿದಳು. ಆಮೇಲೆ ನಗು ತಡೆಯಲಾರದೆ, ಕಾಲು ಅಲುಗಿದರೆ ಹೊಲಿಗೆ ಎಳೆಯುತ್ತೆ ಅಂತ ಮಂಡಿ ಹಿಡಿದುಕೊಂಡು, "ಬಂದದ್ದಂತೂ ಬಂದೆ, ವಾಕರ್ ಕೊಡು. ಬಾಗಿಲವರೆಗೆ ನಡೆಯಬೇಕು ಅಂದಿದ್ದಾರೆ" ಅಂದಳು. ಅವನು ಒಂದು ಪಕ್ಕ ನಿಂತ. ಅವಳು ನಿಧಾನವಾಗಿ ಕಾಲು ನೆಲಕ್ಕೂರಿದಳು.