ಚಾದರದ ಕೆಳಗಿನ ಮುದುಕಿ

ಚಾದರದ ಅಂಚಿನಿಂದ ಒಂದು ಹನಿ, ಅಯ್ಯೋ, ಇನ್ನೊಂದು, ನೆಲದ ಮೇಲೆ ಅಂಗೈಯಗಲ ನೀರು, ಸದ್ಯ, ಮೇಡಂ ನೋಡಲಿಲ್ಲ, ಪುಕ್ಕಟೆ ಕ್ಯಾನ್ಸರ್ ಔಷಧಿ ಕೊಡುವ ಕಚೇರಿಯಿಂದ ಬಂದವರು ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದಾರೆ, ಛಾವಣಿ ನೋಡುತ್ತಿದ್ದಾರೆ, ನಮ್ಮ ಬಡತನ ಸಾಕೇ ಎಂದು ಅಳೆಯುತ್ತಿರಬೇಕು — ನೋಡಲಿ, ಆ ಮೂಲೆಯೊಂದನ್ನು ಬಿಟ್ಟು ಎಲ್ಲ ನೋಡಲಿ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಹೇಳಿದ್ದಳಲ್ಲ, ಮನೇಲಿ ಫ್ರಿಜ್ಜು ಟೀವಿ ಕಂಡ್ರೆ ಮುಗೀತು ಕಣೇ, ಇವರಿಗೇನು ಕೊರತೆ ಅಂತ ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ, ಅದಕ್ಕೇ ಬೆಳಿಗ್ಗೆ ಎದ್ದವಳೇ ಫ್ರಿಜ್ಜಿಗೆ ಚಾದರ ಹೊದಿಸಿದೆ, ಮೇಲೆ ಹಾಸಿಗೆ ಸುತ್ತಿಟ್ಟೆ, ಸದ್ದು ಮಾಡದಿರಲೆಂದು ಪ್ಲಗ್ ಕಿತ್ತೆ. ಬೆಳಿಗ್ಗೆಯೇ ಬರುತ್ತೇನೆಂದಿದ್ದ ಮೇಡಂ ಬಂದದ್ದು ಊಟದ ಹೊತ್ತು ಮೀರಿ, ಅಷ್ಟರಲ್ಲಿ ಒಳಗಿನ ಮಂಜುಗಡ್ಡೆ ಕರಗತೊಡಗಿತ್ತು. ಈ ಫ್ರಿಜ್ಜಿಗೆ ಮುದುಕಿ ಎಂದು ಹೆಸರಿಟ್ಟವರು ನಮ್ಮ ಯಜಮಾನರೇ, ಫ್ರಿಜ್ ರಿಪೇರಿ ಮಾಡುವವರು, ಗುಜರಿಯಿಂದ ತರಿಸಿ, ಕೀಮೋ ಮುಗಿಸಿ ಬಂದ ನಡುಗುವ ಕೈಯಲ್ಲೇ ಜೋಡಿಸಿ, ಅದು ಗಡಗಡ ಎಂದಾಗ ನಕ್ಕಿದ್ದರು, ಮುದುಕಿ ಕೆಮ್ಮಿದ್ರೆ ಹೆದರ್ಬೇಡ ಕಣೇ, ಸುಮ್ಮನಾದ್ರೆ ಹೆದರು. ಈಗ ಸುಮ್ಮನಿದೆ. ಒಳಕೋಣೆಯಲ್ಲಿ ಅವರೂ ಸುಮ್ಮನಿದ್ದಾರೆ, ನಿದ್ದೆಯೋ ಸುಸ್ತೋ, ಭಯವಾಗುತ್ತಿದೆ ನನಗೆ, ಹೋಗಿ ನೋಡೋಣವೆಂದರೆ ಮೇಡಂ ಕಣ್ಣು ಆ ಮೂಲೆಗೆ ಹೋದೀತು — ಹನಿ, ಮತ್ತೆ ಹನಿ, ನೀರು ಚಾಪೆ ದಾಟಿತು, ಮೇಡಂ ಕೇಳುತ್ತಿದ್ದಾರೆ, ಇಂಜೆಕ್ಷನ್ ಎಲ್ಲಿಟ್ಟಿದ್ದೀರಮ್ಮ, ಫ್ರಿಜ್ ಇದೆ ತಾನೆ, ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ಕೂತಿದ್ದ ನಮ್ಮ ಅತ್ತೆ, ಫ್ರಿಜ್ಜಾ, ನಮ್ಮಂಥೋರಿಗೆ ಎಲ್ಲಿಂದ ಬರ್ಬೇಕು ತಾಯಿ, ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟರು. ಮೇಡಂ ಪೆನ್ನು ಕೆಳಗಿಟ್ಟರು. ಹಾಗಾದ್ರೆ ಹೇಗಮ್ಮ, ತಂಪಿಲ್ದಿದ್ರೆ ಆ ಔಷಧಿ ಹಾಳಾಗುತ್ತೆ, ಫ್ರಿಜ್ ಇದ್ಯಾ ಅಂತ ನೋಡೋಕೇ ನಾನು ಬಂದಿದ್ದು, ಇಲ್ದಿದ್ರೆ ಕೊಡೋ ಹಾಗಿಲ್ಲ. ಇದೆ ಅನ್ನಲೇ, ಚಾದರ ಎಳೆಯಲೇ, ಎಳೆದರೆ ಸುಳ್ಳಿಯಾಗುತ್ತೇನೆ, ಕಿತ್ತ ಪ್ಲಗ್ ಕಾಣುತ್ತದೆ, ಒಳಗೆ ನಮ್ಮ ಯಜಮಾನರ ಔಷಧಿ ಬೆಳಿಗ್ಗೆಯಿಂದ ಬೆಚ್ಚಗಾಗುತ್ತಿದೆ, ಹಾಳಾಗಿಹೋಯಿತೋ ಏನೋ, ನನ್ನ ಕೈಯಾರೆ, ಎಳೆಯದಿದ್ದರೆ ಮುಂದೆ ಔಷಧಿಯೇ ಇಲ್ಲ, ಅತ್ತ ದರಿ ಇತ್ತ ಪುಲಿ, ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಒಳಕೋಣೆಯಿಂದ ಒಂದು ಕೆಮ್ಮಾದರೂ ಬರಬಾರದೇ, ಇಲ್ಲ, ಮುದುಕಿಯದೂ ಇಲ್ಲ, ಅವರದೂ ಇಲ್ಲ, ನೀರು ಮಾತ್ರ ಹರಿಯುತ್ತಿದೆ, ಮೇಡಂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾರೆ, ಬರಿಗಾಲು, ಹೆಬ್ಬೆರಳಿಗೆ ಇನ್ನು ಬೆರಳಗಲ, ಕೂದಲೆಳೆ, ಮುಟ್ಟಿತು, ಅವರು ಬಗ್ಗಿ ನೋಡುತ್ತಿದ್ದಾರೆ, ಚಾದರದ ಅಂಚಿನಿಂದ ಒಂದು ಹನಿ